ತಿದ್ದದೆ ಬಿಟ್ಟ ಇಸವಿ

ನಮ್ಮ ಲೈಬ್ರರಿ ಬಾಗಿಲಲ್ಲಿ ಒಂದು ಕರಿ ಬೋರ್ಡಿದೆ. ದಿನಾ ಬೆಳಿಗ್ಗೆ ಅದರ ಮೇಲೆ 'ಇತಿಹಾಸದಲ್ಲಿ ಈ ದಿನ' ಅಂತ ನಾಲ್ಕು ಸಾಲು ಬರೆಯೋದು ನಮ್ಮ ಅಟೆಂಡರ್ ಹುಡುಗಿಯ ಕೆಲಸ. ಹರಿದ ಪುಸ್ತಕಕ್ಕೆ ರಟ್ಟು ಹಾಕ್ತಾಳೆ, ಕಪಾಟು ಒರೆಸ್ತಾಳೆ, ಕಸ ಗುಡಿಸ್ತಾಳೆ. ಆದರೂ ಊರಿಗೆಲ್ಲ ಅವಳು ಬೋರ್ಡಮ್ಮ. ನಾನು ಕೌಂಟರಿನಲ್ಲಿ ಕೂತು ಪುಸ್ತಕಗಳಿಗೆ ತಾರೀಕಿನ ಮೊಹರು ಒತ್ತುವವಳು. ಇಪ್ಪತ್ತಾರು ವರ್ಷದಲ್ಲಿ ಒಂದು ತಾರೀಕೂ ತಪ್ಪಿಸಿದವಳಲ್ಲ. ಇವಳು ವಾರಕ್ಕೊಂದು ಇಸವಿ ತಪ್ಪು ಬರೆದರೆ ನನಗೆ ಮೈಯೆಲ್ಲ ಉರೀತಿತ್ತು.

ಒಂದು ಏಪ್ರಿಲ್ ಹದಿನೈದು. ಅದೇ ತಾರೀಕಿಗೆ ಹುಟ್ಟಿದ ಚಿತ್ರಕಾರ ಲಿಯೊನಾರ್ಡೊನ ಇಸವಿ ಸರಿಯಾಗಿತ್ತು, ಅದು ಐನೂರು ವರ್ಷಕ್ಕೂ ಹಿಂದಿನದು. ಅದರ ಮುಂದೆ ಮೊನ್ನೆ ಮೊನ್ನೆ ಮುಳುಗಿದ ಟೈಟಾನಿಕ್ ಹಡಗಿಗೆ ಮಾತ್ರ 1913 ಅಂತ ಬರೆದಿದ್ದಳು.

"ಹನ್ನೆರಡು ಕಣೇ," ಅಂದೆ. "ಪುಸ್ತಕ ಕೈಯಲ್ಲೇ ಇಟ್ಕೊಂಡು ತಪ್ಪು ಬರೀತೀಯಲ್ಲ, ಕಣ್ಣನ್ನೇನು ಮನೇಲಿ ಬಿಟ್ಟು ಬಂದಿದೀಯಾ?"

"ಇರಲಿ ಬಿಡಿ ಅಕ್ಕ. ಹತ್ತು ಗಂಟೆವರೆಗೆ ಮುಟ್ಟಬೇಡಿ," ಅಂದಳು.

ಹತ್ತಕ್ಕೆ ಐದು ನಿಮಿಷ ಇರುವಾಗ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ರಿಟೈರಾದವರು, ದಿನಾ ಪೇಪರ್ ಓದೋಕೆ ಬರ್ತಾರೆ. ಬೋರ್ಡು ನೋಡಿ ಹುಬ್ಬು ಗಂಟಿಕ್ಕಿದರು. ಕರ್ಚೀಫಿನಿಂದ ಮೂರನ್ನು ಒರೆಸಿ, ಜೇಬಿನಿಂದ ತಮ್ಮದೇ ಸೀಮೆಸುಣ್ಣ ತೆಗೆದು ಎರಡು ಮಾಡಿದರು. ಇವಳು ಪೊರಕೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳ ಕಡೆ ಕಣ್ಣೂ ಹಾಯಿಸದೆ ಒಳಗೆ ಹೋದರು.

ಮೇಷ್ಟ್ರು ಇವಳ ಅಪ್ಪ ಅನ್ನೋದು ಊರಿಗೇ ಗೊತ್ತು. ತಪ್ಪು ಬೇಕಂತಲೇ ಬರೀತಾಳೆ ಅನ್ನೋದು ನನ್ನ ಮಂದಬುದ್ಧಿಗೆ ಹೊಳೆದದ್ದು ಆವತ್ತು.

ತಾಯಿಯಿಲ್ಲದ ಮಗಳು. ಅಪ್ಪನ ಸೈಕಲ್ಲಿನ ಮುಂದೆ ಕೂತು ಇಸವಿ ಒಪ್ಪಿಸ್ತಾ ಬೆಳೆದವಳು. ಎಂ.ಎ. ಕೊನೆಯ ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ, ಮನೆಗೆ ವೈರಿಂಗ್ ಮಾಡೋಕೆ ಬಂದಿದ್ದ ಹುಡುಗನ ಜೊತೆ ಹೋಗಿ ರಿಜಿಸ್ಟರ್ ಮದುವೆಯಾದಳು. ಹುಡುಗ ಚಿನ್ನದಂಥವನು, ಶಾಕ್ ಹೊಡೆದದ್ದು ಮೇಷ್ಟ್ರಿಗೆ. 'ನನಗೆ ಮಗಳಿಲ್ಲ' ಅಂದವರು ಒಂಬತ್ತು ವರ್ಷ ತುಟಿ ಬಿಚ್ಚಲಿಲ್ಲ. ಇವಳು ಹೋದರೆ ಬಾಗಿಲು ತೆಗೀಲಿಲ್ಲ, ಕಾಗದ ಬರೆದರೆ ಒಡೆಯದೆ ವಾಪಸ್ ಬಂತು. ಆದರೆ ತಪ್ಪು ಇಸವಿಯನ್ನ ದಾಟಿ ಹೋಗೋದು ಮಾತ್ರ ಆ ಮನುಷ್ಯನ ಕೈಲಿ ಆಗ್ತಿರಲಿಲ್ಲ.

"ಒಂದಲ್ಲ ಒಂದಿನ ಬೈಯೋಕಾದ್ರೂ ಬಾಯಿ ಬಿಡ್ತಾರೆ ಅಕ್ಕ. 'ಕತ್ತೆ, ಇಷ್ಟೂ ಗೊತ್ತಿಲ್ವಾ' ಅಂದ್ರೂ ಸಾಕು ನನಗೆ," ಅಂದಳು. ಸಂಜೆ ಬೋರ್ಡು ಒರೆಸುವಾಗ ಅಪ್ಪ ತಿದ್ದಿದ ಅಂಕಿಯನ್ನ ಕೊನೆಗೆ ಒರೆಸ್ತಿದ್ದಳು. ಅದನ್ನ ನೋಡಿದ ಮೇಲೆ ನಾನು ಬೈಯೋದು ಬಿಟ್ಟೆ.

ಅವಳು ಮನೆ ಬಿಟ್ಟದ್ದು ಒಂದು ಜುಲೈ ಇಪ್ಪತ್ತಕ್ಕೆ. ಮನುಷ್ಯರನ್ನ ಹೊತ್ತ ನೌಕೆ ಮೊದಲ ಸಲ ಚಂದ್ರನ ಮೇಲೆ ಇಳಿದದ್ದೂ ಅದೇ ತಾರೀಕು. ಅದಾಗಿ ಏಳು ವರ್ಷಕ್ಕೆ, ಅದೇ ದಿನ, ಮಂಗಳದ ಮೇಲೂ ಒಂದು ನೌಕೆ ಇಳೀತು. ಬೈಯೋದು ಬಿಟ್ಟಿದ್ದರೂ ಈ ವರ್ಷ ಆ ದಿನದ ಬೋರ್ಡು ನೋಡಿ ಹಣೆ ಹಣೆ ಚಚ್ಚಿಕೊಂಡೆ. ಚಂದ್ರನ ಸಾಲಿಗೆ 1959 ಅಂತ ಬರೆದಿದ್ದಳು.

"ಹತ್ತು ವರ್ಷವನ್ನೇ ನುಂಗಿ ನೀರು ಕುಡಿದಿದೀಯಲ್ಲೇ. ಅರವತ್ತೊಂಬತ್ತು ಅಂತ ಎಲ್‌ಕೇಜಿ ಮಗೂಗೂ ಗೊತ್ತು."

"ಅದಕ್ಕೇ ಬರೆದದ್ದು. ಆಗ ಅಪ್ಪ, ತಾತನ ಪಕ್ಕ ಕೂತು ರೇಡಿಯೋದಲ್ಲಿ ಆ ಸುದ್ದಿ ಕೇಳಿದ್ರಂತೆ. ನನಗೆ ಸಾವಿರ ಸಲ ಹೇಳಿದಾರೆ. ಇದಕ್ಕೂ ಬೈಯದಿದ್ರೆ ಇನ್ಯಾವುದಕ್ಕೆ ಬೈತಾರೆ?"

ಎಂದೂ ತಡ ಮಾಡದ ಮೇಷ್ಟ್ರು ಆವತ್ತು ಹತ್ತೂಕಾಲಿಗೆ ಬಂದರು. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿ ಹಾಕಿದ್ದರು. ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬೆರಳು 1959ರ ಮೇಲೆ ಬಂತು, ದಾಟಿ ಮುಂದಕ್ಕೆ ಹೋಯ್ತು. ಕರ್ಚೀಫು ಜೇಬಿನಿಂದ ಹೊರಗೆ ಬರಲಿಲ್ಲ. ಆಮೇಲೆ ಇವಳ ಕಡೆ ತಿರುಗಿ ನಕ್ಕರು.

"ಚೆನ್ನಾಗಿ ಬರೆದಿದೀಯ ಮಗಳೇ. ಒಂದೂ ತಪ್ಪಿಲ್ಲ."

ಒಂಬತ್ತು ವರ್ಷ ಬಾಯಾರಿ ಕಾದಿದ್ದಳಲ್ಲ, ಆ ದನಿ ಅದು. ಅವಳ ಕೈಯಿಂದ ಪೊರಕೆ ಜಾರಿ ಬಿತ್ತು.

"ನಾಡಿದ್ದು ಪರೀಕ್ಷೆ ಅಲ್ವಾ?" ಅಂದರು ಮೇಷ್ಟ್ರು. "ಓದೋದು ಬಿಟ್ಟು ಇಲ್ಲೇನು ಮಾಡ್ತಿದೀಯ? ನಡಿ ಮನೆಗೆ."

ಅವಳು ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಅವಳು ಅಪ್ಪನ ಗುಂಡಿಗಳನ್ನ ಬಿಚ್ಚಿ, ಸರಿಯಾಗಿ ಹಾಕಿದಳು.

"ಎಲ್ಲ ಓದಿದೀನಿ ಅಪ್ಪ. ಹೋಗೋಣ," ಅಂತ ಕೈ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದಳು. ಐದನ್ನ ಒರೆಸಿ ಆರು ಬರೆದದ್ದು ನಾನು.

ಈಗ ದಿನಾ ಅಪ್ಪನ ಜೊತೆಗೇ ಬರ್ತಾಳೆ. ಅವರನ್ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆ ಯಾವಾಗ ಅಂತ ಕೇಳಿದಾಗಲೆಲ್ಲ 'ನಾಡಿದ್ದು' ಅಂತ ಹೇಳಿ, ಬೋರ್ಡಿನ ಮುಂದೆ ನಿಲ್ತಾಳೆ. ಒಂದೊಂದು ಇಸವಿಯನ್ನೂ ಪುಸ್ತಕದ ಜೊತೆ ಎರಡೆರಡು ಸಲ ತಾಳೆ ನೋಡಿ ಬರೀತಾಳೆ.

"ಎಷ್ಟು ಸಲ ನೋಡ್ತೀಯೇ?" ಅಂತ ನಿನ್ನೆ ಕೇಳಿದೆ.

"ತಪ್ಪಾದ್ರೆ ಇನ್ನು ತಿದ್ದೋರು ಯಾರಿದಾರೆ ಅಕ್ಕ," ಅಂದಳು.