ರವಾನ್‌ಗೆ ಚರ್ಮ ಬಿಗಿಯುವ ಸೆಲ್ವಿನಾ

ಸೂರ್ಯ ಇನ್ನೂ ಬೆಟ್ಟದ ಹಿಂದೆಯೇ ಇದ್ದಾನೆ. ದ್ವೀಪದ ಮೀನುಗಾರರ ಹಳ್ಳಿ ಆನ್ಸ್ ಬಾಂಬುವಿನ ದೋಣಿಗಳು ಆಗಲೇ ಹೊರಟುಹೋಗಿ ದಂಡೆ ಖಾಲಿಯಾಗಿದೆ. ಕರಿಬಂಡೆಯೊಂದರ ಮೇಲೆ ಒದ್ದೆ ಮೇಕೆಚರ್ಮ ಹರಡಿಕೊಂಡು, ಲಂಗವನ್ನು ಮೊಣಕಾಲಿಗೆ ಸಿಕ್ಕಿಸಿ, ಸೆಲ್ವಿನಾ ಆಝೋರ್ ಮೊಂಡು ಚೂರಿಯಿಂದ ಕೂದಲು ಹೆರೆಯುತ್ತಿದ್ದಾರೆ. ಸುಣ್ಣದ ನೀರಲ್ಲಿ ನೆನೆದ ಚರ್ಮದ ವಾಸನೆಗೆ ದಾರಿಹೋಕರು ಮೂಗು ಮುಚ್ಚಿಕೊಳ್ಳುತ್ತಾರೆ. ಸೆಲ್ವಿನಾ ತಲೆ ಎತ್ತುವುದಿಲ್ಲ. ಇದು ಮುಗಿದರೆ ಕೈಗೆ ನಿಂಬೆ ಉಜ್ಜಿ ತೊಳೆದು ಬಸ್ಸು ಹಿಡಿಯಬೇಕು. ಕರಾವಳಿಯ ದೊಡ್ಡ ಹೋಟೆಲಿನಲ್ಲಿ ಅವರು ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಸೆಲ್ವಿನಾ, ಅಷ್ಟೇ. ಸಂಜೆ ಅದೇ ಹೋಟೆಲಿನ ಅಂಗಳದಲ್ಲಿ ಸೆಗಾ ಕುಣಿತ ಶುರುವಾಗುವ ಹೊತ್ತಿಗೆ ಅವರು ಮನೆಗೆ ಬರುವ ಬಸ್ಸಿನಲ್ಲಿರುತ್ತಾರೆ.

ಸೆಗಾಕ್ಕೆ ಬೇಕಾದ ರವಾನ್ ಅಗಲವಾದ ಮರದ ಬಳೆಗೆ ಚರ್ಮ ಬಿಗಿದ ತಮಟೆ. ಗುಲಾಮರಾಗಿ ಹಡಗಿನಲ್ಲಿ ಬಂದಿಳಿದ ಜನ, ಅಂದರೆ ಸೆಲ್ವಿನಾರಂಥ ಕ್ರಿಯೋಲರ ಹಿರಿಯರು, ಕಬ್ಬಿನ ಗದ್ದೆಯ ಬದಿಯಲ್ಲಿ ಬಾರಿಸಿಕೊಂಡು ಬದುಕಿದ್ದು ಇದನ್ನೇ. ಸೆಲ್ವಿನಾ ಮಾಡುವ ರವಾನ್‌ನಲ್ಲಿ ಮಾತ್ರ ಇಡೀ ಊರೇ ಇದೆ. ಗೆಜ್ಜೆಯಂತೆ ಝಲ್ಲೆನ್ನುವ ತಗಡಿನ ಬಿಲ್ಲೆಗಳು ಚೀನೀ ಅಂಗಡಿಯ ಬಿಸ್ಕತ್ತಿನ ಡಬ್ಬಿಗಳಿಂದ ಬಂದವು. ಚರ್ಮ ಕಟುಕ ಸ್ವಾಲೆ ಮಿಯಾ ಅವರದು. ಬಕ್ರೀದ್ ಮುಗಿಯುತ್ತಲೇ ಒಳ್ಳೆಯ ಚರ್ಮಗಳನ್ನು ಆರಿಸಿ, ಉಪ್ಪು ಸವರಿ ಇವರಿಗಾಗಿ ಎತ್ತಿಡುತ್ತಾರೆ. ಕೊಡುವಾಗ ಒಂದು ಚುಚ್ಚುಮಾತು ಇದ್ದೇ ಇರುತ್ತದೆ: “ನನ್ನ ಮೇಕೆ ಬದುಕಿದ್ದಾಗ ಇಷ್ಟು ಸದ್ದು ಮಾಡಿರಲಿಲ್ಲ ಕಣಮ್ಮ. ನಿನ್ನ ಕೈಗೆ ಬಂದ್ಮೇಲೆ ಊರನ್ನೇ ಎಬ್ಬಿಸುತ್ತೆ.”

ಈ ಕೆಲಸ ಕಲಿಸಿದವರು ಅಪ್ಪ ಗಾಸ್ಪಾರ್. ತಾಯಿ ಲೂಸಿಯೆನ್ ಚರ್ಚಿನ ಹಾಡುಗಾರ್ತಿ. ಅವರ ಬಾಲ್ಯದಲ್ಲಿ ರವಾನ್ ಅಂದರೆ ಹೆಂಡದಂಗಡಿಯ ಸದ್ದು. ಮಾನವಂತರ ಮನೆಯೊಳಗೆ ಅದಕ್ಕೆ ಜಾಗವಿರಲಿಲ್ಲ. ಮದುವೆಯಾದ ಮೇಲೂ ಲೂಸಿಯೆನ್ ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ಗಾಸ್ಪಾರ್ ಹಿತ್ತಲ ಚಪ್ಪರದಲ್ಲೇ ಕೆಲಸ ಮಾಡಿದರು, ಅಲ್ಲೇ ಬಾರಿಸಿದರು. ಅವರು ತೀರಿಕೊಂಡಾಗ ರವಾನ್ ಕೇಳಿಕೊಂಡು ಬರುವವರೂ ಕಡಿಮೆಯಾಗಿದ್ದರು. ಹೋಟೆಲಿನ ವಾದ್ಯದವರು ಪ್ಲಾಸ್ಟಿಕ್ಕಿನ ರವಾನ್‌ಗೆ ಹೊರಳಿದ್ದರು. ಅದಕ್ಕೆ ಚರ್ಮ ಬಿಗಿಯಾಗಲೆಂದು ಬೆಂಕಿಗೆ ಹಿಡಿದು ಕಾಯಿಸುವ ರಗಳೆ ಇಲ್ಲ, ಮಳೆಯ ಅಂಜಿಕೆಯೂ ಇಲ್ಲ.

ಉಳಿದ ಮರದ ಬಳೆಗಳನ್ನು ಒಲೆಗೆ ಹಾಕು ಎಂದರು ತಾಯಿ. “ನಿಮ್ಮಪ್ಪನ ಜೊತೆ ಅದೂ ಹೋಯ್ತು ಅಂದ್ಕೋ. ಹೆಂಗಸು ಚರ್ಮ ಹೆರೀತಾ ಕೂತ್ರೆ ಯಾರು ಮರ್ಯಾದೆ ಕೊಡ್ತಾರೆ?” ಸೆಲ್ವಿನಾ ಸುಡಲಿಲ್ಲ. ಬಳೆಗಳನ್ನೂ ಅಪ್ಪ ಮಾಡಿದ ಕೊನೆಯ ರವಾನನ್ನೂ ಅಟ್ಟಕ್ಕೆ ಹಾಕಿ ಹೋಟೆಲಿನ ಕೆಲಸಕ್ಕೆ ಸೇರಿಕೊಂಡರು.

ಅದನ್ನು ಕೆಳಗಿಳಿಸಿದ್ದು ಪಕ್ಕದ ಮನೆಯ ಮದುವೆ. ಫುಲ್ವಂತಿ ಆಜಿಯ ಮೊಮ್ಮಗಳಿಗೆ ಅರಿಸಿನ ಹಚ್ಚುವ ಸಂಜೆ, ಹೆಂಗಸರು ಕಬ್ಬಿನ ಕೂಲಿಗೆ ಬಂದ ತಮ್ಮ ಹಿರಿಯರ ಭೋಜಪುರಿ ಹಾಡು ಎತ್ತಿಕೊಂಡಿದ್ದಾಗ ಢೋಲಕ್ಕಿನ ಚರ್ಮ ಹರಿಯಿತು. ತಾಳವಿಲ್ಲದೆ ಶಾಸ್ತ್ರದ ಹಾಡು ಮುಂದೆ ಹೋಗುವಂತಿರಲಿಲ್ಲ. ಆಜಿ ತಾವೇ ಬೇಲಿಯ ಬಳಿ ಬಂದು ಸೆಲ್ವಿನಾರನ್ನು ಕರೆದರು. ಹೊಸ ಚರ್ಮ ಒಣಗಲು ದಿನಗಳೇ ಬೇಕು, ಈಗ ರಿಪೇರಿ ಆಗದು ಎಂದು ಸೆಲ್ವಿನಾ ಹೇಳಿದರು. “ನಿಮ್ಮಪ್ಪಂದು ಇದ್ಯಲ್ಲ, ಅದನ್ನೇ ತಾ” ಎಂದರು ಆಜಿ.

ಸೆಲ್ವಿನಾ ಗಾಳಿಮರದ ಒಣಸೊಪ್ಪಿಗೆ ಬೆಂಕಿ ಹಚ್ಚಿ, ರವಾನ್ ಕಾಯಿಸಿ, ಹಿಡಿದುಕೊಂಡು ಹೋದರೆ ಚಪ್ಪರದ ಬಾಗಿಲಲ್ಲಿ ಆಜಿಯ ಹಿರಿಮಗ ಬಿಸ್ನಾಥ್ ಅಡ್ಡ ನಿಂತರು. ಕ್ರಿಯೋಲರ ಕುಡಿತದ ಡೋಲು ಅರಿಸಿನದ ಶಾಸ್ತ್ರಕ್ಕೆ ಬೇಡ ಎಂದರು. ಸೆಲ್ವಿನಾ ಹಿಂದಕ್ಕೆ ತಿರುಗಿಯೂ ಬಿಟ್ಟಿದ್ದರು. ಆಜಿ ಕೂತಲ್ಲಿಂದಲೇ ಮಗನನ್ನು ಕರೆದರು.

“ಕಬ್ಬಿನ ಗದ್ದೇಲಿ ನಮ್ಮತ್ತೆಗೆ ಹೆರಿಗೆ ನೋವು ಬಂದಾಗ ಹಿಡ್ಕೊಂಡವಳು ಇವಳ ಮುತ್ತಜ್ಜಿ. ಆವತ್ತು ಹುಟ್ಟಿದೋನು ನಿಮ್ಮಪ್ಪ. ಅವಳ ಕೈಗೆ ಯಾರೂ ಜಾತಿ ಕೇಳ್ಲಿಲ್ಲ. ಈಗ ನೀನು ಡೋಲಿಗೆ ಕೇಳ್ತೀಯಾ?”

ಬಿಸ್ನಾಥ್ ಪಕ್ಕಕ್ಕೆ ಸರಿದರು.

ಮೊದಲ ಹಾಡಿನಲ್ಲಿ ಸೆಲ್ವಿನಾ ಎಡವಿದರು. ಸೆಗಾದ ಓಟ ಬೇರೆ, ಅರಿಸಿನದ ಹಾಡಿನ ನಡೆ ಬೇರೆ. ಹೆಂಗಸರು ನಕ್ಕರು. ಆಜಿ ಚೊಂಬಿನ ಮೇಲೆ ಚಮಚ ಬಡಿದು ತಾಳ ತೋರಿಸಿದರು. ಸೆಲ್ವಿನಾರ ಬೆರಳುಗಳು ಅದನ್ನು ಹಿಡಿದುಕೊಂಡವು. ಆಮೇಲೆ ಒಬ್ಬರೂ ಕೂತಿರಲಿಲ್ಲ. ಬೇಲಿಯಾಚೆ ಲೂಸಿಯೆನ್ ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದರು. ಮನೆಗೆ ಬಂದ ಮಗಳಿಗೆ ಅಡುಗೆ ಆರಿಹೋಯಿತು ಎಂದಷ್ಟೇ ಹೇಳಿದರು. ಮರುದಿನ ಬಾಳೆಲೆ ಊಟಕ್ಕೆ ತಾಯಿ ಮಗಳಿಬ್ಬರನ್ನೂ ಕರೆಯಲು ಬಿಸ್ನಾಥ್ ಅವರೇ ಬಂದರು.

ಆ ಮದುವೆಯ ಮಾತು ಹಬ್ಬಿ, ಈಗ ಸುತ್ತಲ ಹಳ್ಳಿಗಳವರು ಚರ್ಮದ ರವಾನ್ ಕೇಳಿಕೊಂಡು ಬರುತ್ತಾರೆ. ಹೋಟೆಲಿನ ಕೆಲಸ ಬಿಡುವಷ್ಟೇನಲ್ಲ. ಆದರೂ ಹಿತ್ತಲ ಚಪ್ಪರಕ್ಕೆ ಹೊಸ ತಗಡು ಬಿದ್ದಿದೆ.

ಒದ್ದೆ ಚರ್ಮವನ್ನು ಬಳೆಗೆ ಬಿಗಿಯುವಾಗ ಎರಡೂ ಕಡೆಯಿಂದ ಸಮನಾಗಿ ಎಳೆಯಬೇಕು. ಮದುವೆಯ ಮುಂದಿನ ವಾರ ಸೆಲ್ವಿನಾ ಒಂದು ಅಂಚಿಗೆ ಕಲ್ಲು ಕಟ್ಟಿ ಒಬ್ಬರೇ ಹೆಣಗುತ್ತಿದ್ದಾಗ ಅಡುಗೆಮನೆಯ ಬಾಗಿಲು ತೆರೆಯಿತು. ಲೂಸಿಯೆನ್ ಚರ್ಚಿಗೆ ಉಡುವ ಬಟ್ಟೆಯಲ್ಲೇ ಹಿತ್ತಲಿಗೆ ಬಂದು, ಕಲ್ಲನ್ನು ಕಾಲಿಂದ ಸರಿಸಿ, ಆ ಅಂಚನ್ನು ಹಿಡಿದರು.

“ಹಾಗೆ ಎಳೆದ್ರೆ ಸೊಟ್ಟ ಆಗುತ್ತೆ. ನಿಮ್ಮಪ್ಪ ಮೊದಲು ನಡುವಿಗೆ ನೀರು ಚಿಮುಕಿಸ್ತಿದ್ದ.”

ಅದು ನಿನಗೆ ಹೇಗೆ ಗೊತ್ತು ಎಂದು ಮಗಳು ಕೇಳಿದ್ದಕ್ಕೆ, ಅಡುಗೆಮನೆಗೆ ಕಿಟಕಿ ಇಲ್ಲವೇ ಎಂದು ಸಿಡುಕಿದರು.

ಅಂದಿನಿಂದ ಪ್ರತಿ ರವಾನ್‌ಗೂ ತಾಯಿಯೇ ಎದುರು ಕೈ. ವಾಸನೆಗೆ ಬೈಯುತ್ತಾರೆ, ಬೆನ್ನುನೋವಿಗೆ ಬೈಯುತ್ತಾರೆ, ತೀರಿಹೋದ ಗಂಡನಿಗೂ ಬೈಯುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಸೆಲ್ವಿನಾ ಒದ್ದೆ ಚರ್ಮ ಹಿಂಡಿ ಬಳೆಯ ಮೇಲೆ ಹರಡುತ್ತಾರೆ.

“ಅಮ್ಮ ಹೀಗೇ ಬೈತಾ ಇರ್ಲಿ,” ಎನ್ನುತ್ತಾರೆ. “ಬೈಯೋವಾಗ್ಲೇ ಅವಳ ಹಿಡಿತ ಗಟ್ಟಿ.”