ಹೊಟ್ಟಿನ ರಾಶಿಯಲ್ಲಿ ಸಿಕ್ಕ ಪಿಟ್‌ಬುಲ್

ಮೊದಲ ಸಲ ಸಾಣೆಯಣ್ಣನಿಗೆ ಅದು ನಾಯಿಯೆಂದು ತಿಳಿಯಲಿಲ್ಲ. ಮರದ ಹೊಟ್ಟಿನ ರಾಶಿಯೇ ಸೀನಿತು ಎಂದುಕೊಂಡ.

ಬೆಳಗಿನ ಹೊತ್ತು. ಸಾಮಿಲ್ಲಿನ ಯಂತ್ರ ಇನ್ನೂ ಶುರುವಾಗಿರಲಿಲ್ಲ. ಮೊಂಡಾದ ಗರಗಸದ ಪಟ್ಟಿಯನ್ನು ಎರಡು ಮರದ ತುಂಡುಗಳ ನಡುವೆ ಬಿಗಿದು, ಅರ ಹಿಡಿದು ಅದರ ಹಲ್ಲುಗಳನ್ನು ಒಂದೊಂದಾಗಿ ಉಜ್ಜುತ್ತ ಅವನು ಕೂತಿದ್ದ. ಮೂಲೆಯಲ್ಲಿ ಸೊಂಟದೆತ್ತರ ಬಿದ್ದಿದ್ದ ಹೊಟ್ಟು ಒಮ್ಮೆ ಸೀನಿತು. ಅವನು ಅರ ನಿಲ್ಲಿಸಿದ. ಮತ್ತೆ ಸೀನಿತು. ಎದ್ದು ಹೋಗಿ ಕೈಯಲ್ಲಿ ಕೆದಕಿದರೆ, ಒಳಗಿನ ಬಿಸುಪಿನಲ್ಲಿ ಒಂದು ಮರಿ ಮುದುಡಿ ಮಲಗಿತ್ತು. ಮೈಯೆಲ್ಲ ಹೊಟ್ಟು, ಕಣ್ಣಿನ ರೆಪ್ಪೆಯ ಮೇಲೂ ಹೊಟ್ಟು. ಕಂದು ಮೈ, ಎದೆಯ ಮೇಲೊಂದು ಬಿಳಿ ಮಚ್ಚೆ, ಯಾರದೋ ತಲೆಯನ್ನು ತಂದು ಅಂಟಿಸಿದಂತೆ ಅಗಲವಾದ ತಲೆ. ಎತ್ತಿಕೊಂಡ ಕೂಡಲೇ ಅದು ಅವನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು.

"ಥೂ, ಬಿಡೋ. ಅದ್ರಲ್ಲಿ ಎಣ್ಣೆ, ಕಬ್ಬಿಣದ ಪುಡಿ ಬಿಟ್ರೆ ಏನೂ ಇಲ್ಲ," ಎಂದ ಸಾಣೆಯಣ್ಣ. ಬೆರಳನ್ನು ಮಾತ್ರ ಕಿತ್ತುಕೊಳ್ಳಲಿಲ್ಲ.

ಅಷ್ಟರಲ್ಲಿ ಬೀಗದ ಗೊಂಚಲು ತಿರುಗಿಸುತ್ತ ಚಿಕ್ಕ ಯಜಮಾನರು ಬಂದರು. "ಏನಣ್ಣ ಅದು, ಹೆಗ್ಗಣಾನಾ?"

"ನಾಯಿ, ಚಿಕ್ಕ ಯಜಮಾನ್ರೆ."

"ಇದಾ? ನಮ್ಮ ಗೋದಾಮಿನ ಹೆಗ್ಗಣ ಇದಕ್ಕಿಂತ ದೊಡ್ಡದಿದೆ."

"ಬೆಳೆಯುತ್ತೆ ಬಿಡಿ."

"ಬೆಳೀಲಿ. ಆದ್ರೆ ಅದರ ಊಟ ನಿನ್ನ ಡಬ್ಬಿಯಿಂದ," ಎಂದು ನಕ್ಕು ಅವರು ಒಳಗೆ ಹೋದರು.

ಚಿಕ್ಕ ಯಜಮಾನರ ತಲೆ ಆಗಲೇ ಅರ್ಧ ನರೆತಿತ್ತು. ದೊಡ್ಡ ಯಜಮಾನರು ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಸಾಮಿಲ್ಲಿನವರಿಗೆ ಅವರು ಇನ್ನೂ ಚಿಕ್ಕವರೇ. ಶಾಲೆ ಬಿಟ್ಟ ಕೂಡಲೇ ಚೀಲ ಎಸೆದು ಇಲ್ಲಿಗೆ ಓಡಿ ಬರುತ್ತಿದ್ದ ದಿನಗಳಲ್ಲಿ ಅವರಿಗೆ ಅರ ಹಿಡಿಯುವುದನ್ನು ಕಲಿಸಿದವನು ಸಾಣೆಯಣ್ಣ. ತಿರುಗುವ ಗರಗಸದತ್ತ ಚಾಚಿದ್ದ ಅವರ ಕೈಯನ್ನು ಅಂಗಿ ಹರಿಯುವಂತೆ ಹಿಂದಕ್ಕೆ ಎಳೆದವನೂ ಅವನೇ. ಆ ದಿನದಿಂದ ಅವರ ಬಾಯಲ್ಲಿ ಅವನು ಅಣ್ಣ. ಯಜಮಾನಿಕೆ ಬಂದ ಮೇಲೂ ಅದನ್ನು ಅವರು ಬಿಟ್ಟಿರಲಿಲ್ಲ. ಬೇರೆ ಸಾಮಿಲ್ಲಿನವರು ಹೆಚ್ಚಿನ ಸಂಬಳಕ್ಕೆ ಕರೆದಾಗಲೆಲ್ಲ ಸಾಣೆಯಣ್ಣ ಹೇಳುತ್ತಿದ್ದದ್ದು ಇಷ್ಟೇ: "ನಮ್ಮ ಹುಡುಗನ್ನ ಬಿಟ್ಟು ಎಲ್ಲಿ ಬರ್ಲಿ?"

ಮರಿಗೆ ಹೊಟ್ಟು ಎಂದೇ ಹೆಸರಾಯಿತು. ಬೆಳೆಯಿತು, ಅಗಲಕ್ಕೆ ಬೆಳೆಯಿತು. ನೋಡಿದವರು ಎರಡು ಹೆಜ್ಜೆ ಹಿಂದೆ ಸರಿಯುವಂಥ ಎದೆ, ದವಡೆ. ಒಳಗೆ ಮಾತ್ರ ಪುಕ್ಕಲು. ಬೆಳಿಗ್ಗೆ ಯಂತ್ರ ಕಿರುಚಿದ ಕೂಡಲೇ ಹಲಗೆಗಳ ಅಟ್ಟಿಯ ಕೆಳಗೆ ನುಗ್ಗುತ್ತಿತ್ತು. ಅಂಚೆಯವನು ಬಂದರೆ ಅವನ ಬೂಟಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿತ್ತು. ಪಾಪ, ಅವನು ಅದು ಏಳುವವರೆಗೂ ನಿಂತೇ ಇರಬೇಕು. ಒಂದು ಸಲ ಕಳ್ಳರು ಒಳ್ಳೊಳ್ಳೆಯ ಹಲಗೆಗಳನ್ನೇ ಆರಿಸಿ ಗಾಡಿಗೆ ಹೇರಿಕೊಂಡು ಹೋದರು. ಗೇಟಿನವರೆಗೂ ಬಾಲ ಆಡಿಸುತ್ತ ಅವರನ್ನು ಕಳಿಸಿಕೊಟ್ಟು ಬಂದಿತ್ತು ಹೊಟ್ಟು. ಮಣ್ಣಿನ ಮೇಲೆ ಅದರ ಹೆಜ್ಜೆ ಸಾಲುಸಾಲಾಗಿ ಬಿದ್ದಿತ್ತು.

"ನೆಂಟರನ್ನ ಬೀಳ್ಕೊಟ್ಟ ಹಾಗೆ ಬೀಳ್ಕೊಟ್ಟಿದೆಯಲ್ಲಣ್ಣ!" ಚಿಕ್ಕ ಯಜಮಾನರು ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ನಗು ಬಂತು. ನಗುತ್ತಲೇ ಒಂದು ಉಪಾಯ ಹೊಳೆಯಿತು. "ಒಂದು ಕೆಲಸ ಮಾಡೋಣ. ಇದಕ್ಕೊಂದು ಜಾತಿ ಕೊಟ್ಟುಬಿಡೋಣ."

ದಿಮ್ಮಿಗಳಿಗೆ ಗುರುತು ಹಾಕುವ ಕೆಂಪು ಬಣ್ಣದಲ್ಲಿ ಸಾಣೆಯಣ್ಣನೇ ಹಲಗೆಯ ಮೇಲೆ ಬರೆದ: 'ಎಚ್ಚರಿಕೆ! ಒಳಗೆ ಪಿಟ್‌ಬುಲ್ ಇದೆ.' ಮುರಿದ ಗರಗಸದ ಹಲ್ಲುಗಳನ್ನು ಚರ್ಮದ ಪಟ್ಟಿಗೆ ಸಾಲಾಗಿ ಹೊಡೆದು ಕೊರಳಪಟ್ಟಿ ಮಾಡಿದ. ಮೈ ಕೆರೆದುಕೊಳ್ಳುವಾಗ ಚುಚ್ಚದಿರಲಿ ಎಂದು ಒಂದೊಂದು ಹಲ್ಲನ್ನೂ ಉಜ್ಜಿ ಮೊಂಡು ಮಾಡಿದ. ಜೀವಮಾನವೆಲ್ಲ ಹಲ್ಲು ಹರಿತ ಮಾಡಿದವನು ಹಲ್ಲು ಮೊಂಡು ಮಾಡಿದ್ದು ಅದೊಂದೇ ಸಲ.

ಗಿರಾಕಿಗಳು ಕೇಳಿದರೆ ಚಿಕ್ಕ ಯಜಮಾನರು ಕತೆ ಕಟ್ಟುತ್ತಿದ್ದರು. "ಇದರಪ್ಪ ಹಡಗಲ್ಲಿ ಬಂದವನು. ಎರಡು ದೇಶ ಸುತ್ತಿದಾನೆ." ಸಾಣೆಯಣ್ಣ ಅದಕ್ಕೆ ಒಗ್ಗರಣೆ ಹಾಕುತ್ತಿದ್ದ. "ದಿನಾ ಹಸಿ ಮಾಂಸ ಬೇಕು. ಇಲ್ದಿದ್ರೆ ನಮ್ಮನ್ನೇ ನೋಡುತ್ತೆ." ಹಿಂದೆ ಹೊಟ್ಟು ಅವನ ಡಬ್ಬಿಯ ತಳ ನೆಕ್ಕುತ್ತ ಕೂತಿರುತ್ತಿತ್ತು. ಕಳ್ಳರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇಡೀ ಬಡಾವಣೆಗೆ ಸಾಮಿಲ್ಲಿನ ಪಿಟ್‌ಬುಲ್ ಗೊತ್ತು ಎಂಬಂತಾಯಿತು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಊರಿನ ಇನ್ನೊಂದು ತುದಿಯಲ್ಲಿ ಅಂಥ ಜಾತಿಯ ನಾಯಿಯೊಂದು ಆಟವಾಡುತ್ತಿದ್ದ ಮಗುವಿನ ಮುಖಕ್ಕೆ ಬಾಯಿ ಹಾಕಿತು. ಊರು ಎದ್ದು ಕೂತಿತು. ಕಾನೂನು ಬಂತು: ಇಂತಿಂಥ ತಳಿಗಳನ್ನು ಸಾಕುವಂತಿಲ್ಲ, ಈಗಾಗಲೇ ಇರುವವರು ಗಡುವಿನೊಳಗೆ ನೋಂದಾಯಿಸಿ, ಬಾಯಿಕುಕ್ಕೆ ಹಾಕಿ, ಎತ್ತರದ ಗೋಡೆಯೊಳಗೆ ಇಟ್ಟುಕೊಳ್ಳಬೇಕು, ಗಡುವು ಮೀರಿದರೆ ನಾಯಿಯನ್ನು ನಗರಸಭೆಗೆ ಒಪ್ಪಿಸಬೇಕು.

ಸಾಣೆಯಣ್ಣನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಹೆಂಡತಿ ಹೋದ ಮೇಲೆ ಸಾಮಿಲ್ಲಿನ ಹಿಂಬದಿಯ ಎರಡು ಕೋಣೆಯ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಆ ವಾರ ಮನೆಯಲ್ಲಿ ಅದೇ ಜಗಳ.

"ಕಚ್ಚೋದು ನಾಯಿ ಕಣೆ, ಜಾತಿ ಅಲ್ಲ," ಎಂದ ಅವನು. "ಸಾಕಿದವನು ಸರಪಳಿಗೆ ಕಟ್ಟಿ ಹೊಡೆದಿರ್ತಾನೆ. ಅವನಿಗೆ ಕಾನೂನಿಲ್ಲ, ಮೂಕಪ್ರಾಣಿಗೆ ಕಾನೂನು."

"ಅಪ್ಪ, ಆ ಮಗು ಕೆನ್ನೆ ಹೊಲಿಯೋವಾಗ ತಲೆ ಹಿಡ್ಕೊಂಡಿದ್ದೋಳು ನಾನು. ಬೀದಿ ನಾಯೀನೂ ಕಚ್ಚುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇವು ಹಿಡಿದ್ರೆ ಬಿಡಲ್ಲ. ಅದನ್ನ ನೋಡಿದ್ರೆ ನೀನೂ ಹೀಗೆ ಮಾತಾಡ್ತಿರಲಿಲ್ಲ."

"ಹಾಗಾದ್ರೆ ನಮ್ಮ ಹೊಟ್ಟು?"

"ಹೊಟ್ಟು ಯಾವಾಗ ಪಿಟ್‌ಬುಲ್ ಆಯ್ತು? ನೀವಿಬ್ರೂ ಸೇರಿ ಮಾಡಿದ ನಾಟಕ ಅದು. ಮೊದ್ಲು ಹೋಗಿ ಆ ಬೋರ್ಡು ಕಿತ್ತು ಹಾಕು."

ಆ ಮಾತು ಅವನಿಗೂ ಸರಿಯೆನಿಸಿತು. ಮರುದಿನ ಏಣಿ ಹಾಕಿ ಗೇಟಿಗೆ ಹತ್ತಿದ. ಕೆಳಗಿನಿಂದ ಚಿಕ್ಕ ಯಜಮಾನರು ಕೂಗಿದರು.

"ಏನಣ್ಣ ಮಾಡ್ತಿದೀಯ? ಬೋರ್ಡು ಇಳಿಸಿದ್ರೆ ಕಳ್ಳರು ನಾಳೇನೇ ಬಂದು ನಿಲ್ತಾರೆ."

"ಕಾನೂನು ಬಂದಿದೆಯಲ್ಲ ಯಜಮಾನ್ರೆ. ಯಾರಾದ್ರೂ ನಿಜ ಅಂದ್ಕೊಂಡ್ರೆ?"

"ಅಂದ್ಕೊಳ್ಳಲಿ. ನಾನಿಲ್ವಾ? ಕೇಳಿದವರಿಗೆ ನಾನೇ ಹೇಳ್ತೀನಿ, ಇದು ಬೀದಿ ನಾಯಿ, ಬೋರ್ಡು ತಮಾಷೆಗೆ ಅಂತ. ಇಳಿ, ಬೀಳ್ತೀಯ."

ಸಾಣೆಯಣ್ಣ ಇಳಿದ. ಗಡುವೂ ಕಳೆಯಿತು.

ಒಂದು ಬೆಳಿಗ್ಗೆ ನಗರಸಭೆಯ ವ್ಯಾನು ಗೇಟಿನೊಳಗೆ ಬಂತು. ಇಳಿದವರ ಕೈಯಲ್ಲಿ ಉದ್ದ ಕೋಲಿನ ತುದಿಗೆ ಕುಣಿಕೆಯಿತ್ತು. ಅದನ್ನು ಕಂಡದ್ದೇ ತಡ, ಹೊಟ್ಟು ಹಲಗೆಯ ಅಟ್ಟಿಯ ಕೆಳಗೆ ಸೇರಿಕೊಂಡಿತು. ಚಿಕ್ಕ ಯಜಮಾನರು ಸಾಣೆಯಣ್ಣನ ಹೆಗಲ ಮೇಲೆ ಕೈಯಿಟ್ಟರು.

"ಬರೀ ತಪಾಸಣೆ ಅಣ್ಣ. ಬೋರ್ಡು ನೋಡಿ ಯಾರೋ ದೂರು ಕೊಟ್ಟಿದಾರೆ. ನೋಡಿ ಬಿಡ್ತಾರೆ, ಸಂಜೆಗೆ ವಾಪಸ್. ಆ ಕುಣಿಕೆ ಹಾಕಿದ್ರೆ ಅದು ಹೆದರಿ ಸಾಯುತ್ತೆ. ನೀನು ಕರೆದ್ರೆ ಬರುತ್ತೆ, ನೀನೇ ಹತ್ತಿಸಿಬಿಡು."

ಅವನು ಮಂಡಿಯೂರಿ ಕರೆದ. ಹೊಟ್ಟು ಹೊಟ್ಟೆ ಎಳೆದುಕೊಂಡು ಹೊರಗೆ ಬಂತು. ವ್ಯಾನಿನ ಅಂಚಿಗೆ ಮುಂಗಾಲಿಟ್ಟು ಹಿಂದೆ ತಿರುಗಿ ಅವನ ಮುಖ ನೋಡಿತು. "ಹತ್ತು ರಾಜ, ಸವಾರಿ ಮಾಡ್ಕೊಂಡು ಬಾ," ಎಂದು ಅವನು ಅದರ ಹಿಂಭಾಗವನ್ನು ಎರಡೂ ಕೈಯಿಂದ ಎತ್ತಿ ಒಳಗೆ ನೂಕಿದ. ಬಾಗಿಲು ಮುಚ್ಚಿತು. ತಿರುಗಿ ನೋಡಿದರೆ ಚಿಕ್ಕ ಯಜಮಾನರು ದೂರದ ದಿಮ್ಮಿಗಳ ಹಿಂದೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು.

ಸಂಜೆ ಹೊಟ್ಟು ಬರಲಿಲ್ಲ.

ಬೆಳಗಾದ ಮೇಲೆ ಸಾಣೆಯಣ್ಣ ನಗರಸಭೆಯ ಪಶುವೈದ್ಯ ಕೇಂದ್ರಕ್ಕೆ ಹೋದ. ಅಲ್ಲಿನ ಡಾಕ್ಟರಮ್ಮ ಕೈ ತೊಳೆಯುತ್ತ ಅವನ ಮಾತು ಕೇಳಿದರು.

"ವಾಪಸ್ ಅಂತ ಯಾರು ಹೇಳಿದ್ರು ನಿಮಗೆ? ನಿಮ್ಮ ಯಜಮಾನರು ಮೊನ್ನೆ ತಾವೇ ಇಲ್ಲಿಗೆ ಬಂದಿದ್ರು. ನಮ್ಮದು ಪಿಟ್‌ಬುಲ್, ಗಡುವು ಮೀರಿದೆ, ಒಪ್ಪಿಸ್ತೀವಿ ಅಂದ್ರು."

ಸಾಣೆಯಣ್ಣನಿಗೆ ನಗುವೇ ಬಂತು. "ಅವ್ರು ತಮಾಷೆ ಮಾಡ್ತಾರಮ್ಮ. ಆ ಬೋರ್ಡು ಬರೆದವ್ನು ನಾನೇ. ಅದು ಹೊಟ್ಟಿನ ರಾಶೀಲಿ ಸಿಕ್ಕ ಮರಿ."

"ತಮಾಷೆಗೆ ಯಾರಾದ್ರೂ ಇಲ್ಲಿವರೆಗೆ ಬರ್ತಾರಾ? ನೋಡೋಕೂ ಅದು ಹಾಗೇ ಇದೆ, ತಲೆ, ಎದೆ, ದವಡೆ. ನಾವು ಬೇರೇನು ನೋಡಿ ಹೇಳ್ಬೇಕು? ಅದೂ ಅಲ್ದೆ ಅವರ ಬೀದಿಯ ಹೆಣ್ಣುಮಗಳೊಬ್ಬಳು ದೂರು ಕೊಟ್ಟಿದಾಳೆ. ಅವರ ನಾಯಿ ಗೇಟು ಹಾರಿ ಬಂದು ಕೈಲಿದ್ದ ಚೀಲ ಹರಿದಿದೆ."

"ಯಾವ ಬೀದಿ?"

"ಅವರ ಮನೆ ಬೀದಿ."

"ಹೊಟ್ಟು ಸಾಮಿಲ್ಲು ಬಿಟ್ಟು ಎಲ್ಲೂ ಹೋಗಿಲ್ಲಮ್ಮ. ಆ ಬೀದಿ ಅದಕ್ಕೆ ಗೊತ್ತೇ ಇಲ್ಲ."

ಡಾಕ್ಟರಮ್ಮ ನಲ್ಲಿ ನಿಲ್ಲಿಸಿದರು. "ಹಾಗಿದ್ರೆ ಅವರನ್ನೇ ಕರ್ಕೊಂಡು ಬನ್ನಿ. ಹೇಳಿದ್ದು ತಪ್ಪು, ಇದು ಬೆರಕೆ ನಾಯಿ ಅಂತ ಅವರು ಹೇಳಿದ್ರೆ ಬಿಡೋಕೆ ನನಗೆ ದಾರಿ ಇದೆ. ನಾಳೆ ಮಧ್ಯಾಹ್ನದವರೆಗೆ ಕಾಯ್ತೀನಿ. ಆಮೇಲೆ ನನ್ನ ಕೈಲಿಲ್ಲ, ಒಪ್ಪಿಸಿದ ನಾಯಿಗೆ ಸಾಯೋ ಸೂಜಿ ಹಾಕಲೇಬೇಕು."

ಚಿಕ್ಕ ಯಜಮಾನರ ಮನೆಗೆ ಅವನು ಹೋಗಿ ಬಹಳ ದಿನಗಳಾಗಿದ್ದವು. ಗೇಟು ತೆರೆದಾಗ ಅಂಗಳದಲ್ಲಿ ಬೂದುಬಣ್ಣದ ನಾಯಿಯೊಂದು ಎದ್ದು ನಿಂತಿತು. ಅದೇ ಅಗಲ ತಲೆ, ಅದೇ ಎದೆ. ಆದರೆ ಇದು ಬಾಲ ಆಡಿಸಲಿಲ್ಲ. ಕೊರಳಲ್ಲಿ ಹೊಳೆಯುವ ಪಟ್ಟಿ, ಪಕ್ಕದಲ್ಲಿ ಅದಕ್ಕೆಂದೇ ಕಟ್ಟಿಸಿದ ಮರದ ಗೂಡು. ಗೂಡಿನ ಹಲಗೆಗಳನ್ನು ಅವನು ಗುರುತಿಸಿದ. ತಮ್ಮ ಮಗಳಿಗೊಂದು ಮೇಜು ಬೇಕು ಎಂದು ಚಿಕ್ಕ ಯಜಮಾನರು ಅವನಿಂದಲೇ ಆರಿಸಿ ತೆಗೆಸಿಕೊಂಡು ಹೋದ ಹಲಗೆಗಳವು.

ಅವರು ಅವನನ್ನು ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆಯೇ ನಿಂತರು.

"ದೂರು ಬಂದಿದ್ದು ಇದರ ಮೇಲೆ ಅಲ್ವಾ?" ಎಂದ ಸಾಣೆಯಣ್ಣ.

ಅವರು ಸುಳ್ಳು ಹೇಳಲಿಲ್ಲ. "ಏನು ಮಾಡ್ಲಿ ಅಣ್ಣ? ಸಾಮಿಲ್ ಯಜಮಾನರ ಪಿಟ್‌ಬುಲ್ ಅಂತ ದೂರು ಹೋಯ್ತು. ಒಂದನ್ನ ಕೊಡಲೇಬೇಕಿತ್ತು. ಮಗಳು ಇದನ್ನ ಬಿಟ್ಟು ಊಟ ಮಾಡಲ್ಲ."

"ಹೊಟ್ಟು?"

"ಅದು ಬೀದಿ ನಾಯಿ ತಾನೇ. ಇನ್ನೊಂದು ಮರಿ ಸಿಗುತ್ತೆ. ನಾನೇ ತಂದುಕೊಡ್ತೀನಿ."

"ನಗರಸಭೇಲಿ ಪಿಟ್‌ಬುಲ್, ನಿಮ್ಮ ಮನೇಲಿ ಬೀದಿ ನಾಯಿ," ಎಂದ ಸಾಣೆಯಣ್ಣ. "ನನ್ನ ಕೈಯಿಂದಲೇ ಹತ್ತಿಸಿದ್ರಲ್ಲ ಯಜಮಾನ್ರೆ. ಅದು ನನ್ನ ಮುಖ ನೋಡಿ ಹತ್ತಿತು. ಅದೊಂದನ್ನಾದ್ರೂ ನೀವೇ ಮಾಡಬಹುದಿತ್ತು."

"ನನ್ನ ಕೈಗೆ ಬರ್ತಿರಲಿಲ್ಲ ಅದು," ಎಂದರು ಅವರು, ಅವನ ಕಣ್ಣು ತಪ್ಪಿಸಿ.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದ. ಅವಳು ಕೆಲಸಕ್ಕೆ ಹೊರಟಿದ್ದವಳು ಚೀಲ ಕೆಳಗಿಟ್ಟಳು. "ನಡಿ, ಈಗಲೇ ಹೋಗಿ ಹೇಳೋಣ."

"ಹೇಳಿದ್ರೆ ಆ ನಾಯೀನೂ ಹೋಗುತ್ತೆ. ಅದೇನು ಮಾಡ್ತು ಪಾಪ?"

"ಗೇಟು ಹಾರಿ ಚೀಲ ಹರಿದಿದೆ ಅಪ್ಪ. ನಾಳೆ ಚೀಲದ ಜಾಗದಲ್ಲಿ ಒಂದು ಮಗು ಇರುತ್ತೆ. ಕಾನೂನು ಬೇಕು ಅಂತ ನಾನು ಕೂಗಾಡಿದ್ದು ಅಂಥದ್ದಕ್ಕೆ. ಹೊಟ್ಟುವನ್ನ ಹಿಡ್ಕೊಂಡು ಹೋಗ್ಲಿ ಅಂತಲ್ಲ."

ಇಬ್ಬರೂ ಹೋಗಿ ಹೇಳಿದರು. ಡಾಕ್ಟರಮ್ಮ ಅಂದೇ ಚಿಕ್ಕ ಯಜಮಾನರ ಮನೆಗೆ ಜನ ಕಳಿಸಿದರು. ಅಂಗಳ ಖಾಲಿ. ಸಾಣೆಯಣ್ಣ ಬಂದು ಹೋದದ್ದೇ ಅವರಿಗೆ ಸೂಚನೆಯಾಗಿತ್ತು. ನಾಯಿ ಕಾರು ಹತ್ತಿ ಬೇರೆ ಊರಿನ ನೆಂಟರ ಮನೆ ಸೇರಿತ್ತು. ಮರದ ಗೂಡನ್ನು ತೋರಿಸಿ, ಅದು ಮೊಲಕ್ಕೆ ಕಟ್ಟಿಸಿದ್ದು ಎಂದರಂತೆ. ನನ್ನ ನಾಯಿ ಒಂದೇ, ಅದನ್ನು ಆಗಲೇ ಒಪ್ಪಿಸಿದ್ದೇನೆ ಎಂದರಂತೆ. ಕೆಲಸದವನು ಅದನ್ನು ಬಹಳ ಹಚ್ಚಿಕೊಂಡಿದ್ದ, ಅದಕ್ಕೇ ಏನೇನೋ ಹೇಳುತ್ತಾನೆ, ಪಾಪ ಎಂದರಂತೆ.

ಕೆಲಸದವನು. ಆ ಮಾತು ಸಾಣೆಯಣ್ಣನ ಎದೆಗೆ ಹೊಕ್ಕಿತು.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದರು. "ನಾನು ನಿಮ್ಮ ಮಾತು ನಂಬ್ತೀನಿ. ಆದ್ರೆ ಮಾಲೀಕರು ಅವರು, ನೀವಲ್ಲ. ನನಗೆ ದಾರಿ ಇಲ್ಲ." ಆಮೇಲೆ ಕೇಳಿದರು, "ನೀವು ಪಕ್ಕದಲ್ಲಿ ಇರ್ತೀರಾ?"

ಅವನು ಇದ್ದ. ಅವನನ್ನು ಕಂಡ ಕೂಡಲೇ ಹೊಟ್ಟುವಿನ ಇಡೀ ಹಿಂಭಾಗ ಕುಣಿಯಿತು. ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಬೈಯುವಂತೆ ಕುಂಯ್‌ಗುಟ್ಟಿತು. ಮೇಜಿನ ಮೇಲೆ ಹತ್ತಿಸಬೇಕಾಗಿತ್ತು. ಅಲ್ಲಿನವರು ಮುಂದೆ ಬಂದರೆ ಅದು ಹಿಂದೆ ಸರಿಯಿತು. ಕೊನೆಗೆ ಅವನೇ ಎತ್ತಿದ, ಎರಡನೆಯ ಸಲ. ಅದು ಅವನ ಹೆಬ್ಬೆರಳನ್ನು ಹುಡುಕಿ ಬಾಯಲ್ಲಿಟ್ಟುಕೊಂಡಿತು. ಸೂಜಿ ಹೋದದ್ದೂ ಅದಕ್ಕೆ ತಿಳಿದಂತೆ ಕಾಣಲಿಲ್ಲ. ಬೆರಳ ಮೇಲಿನ ಹಿಡಿತ ಮೆಲ್ಲಗೆ ಸಡಿಲವಾಯಿತು.

ಮೊಂಡು ಹಲ್ಲುಗಳ ಕೊರಳಪಟ್ಟಿಯನ್ನು ಅವರು ಅವನ ಕೈಗೆ ಕೊಟ್ಟರು.

ಮುಂದಿನ ವಾರ ಸಾಣೆಯಣ್ಣ ಎಂದಿನಂತೆ ಕೆಲಸಕ್ಕೆ ಹೋದ. ಬೇರೆಲ್ಲಿಗೆ ಹೋಗಬೇಕೆಂದು ಅವನಿಗೆ ತೋಚಿರಲಿಲ್ಲ. ಗೇಟಿನ ಬೋರ್ಡು ಇಳಿದಿತ್ತು. ಚಿಕ್ಕ ಯಜಮಾನರು ಹೊಸ ಹಲಗೆ, ಕೆಂಪು ಬಣ್ಣದ ಡಬ್ಬಿ, ಕುಂಚ ತಂದು ಅವನ ಮುಂದಿಟ್ಟರು.

"ಆಗಿದ್ದು ಆಯ್ತು ಅಣ್ಣ, ಮನಸ್ಸಿಗೆ ಹಚ್ಕೋಬೇಡ. ಇದರ ಮೇಲೆ 'ಕ್ಯಾಮೆರಾ ಇದೆ, ಎಚ್ಚರಿಕೆ' ಅಂತ ಬರಿ."

"ಕ್ಯಾಮೆರಾ ಎಲ್ಲಿದೆ?"

"ಎಲ್ಲೂ ಇಲ್ಲ. ಬರೆದ್ರೆ ಸಾಕಲ್ಲ, ಜನ ನಂಬ್ತಾರೆ."

ಸಾಣೆಯಣ್ಣ ಕುಂಚ ಎತ್ತಿಕೊಂಡ. ಬಣ್ಣದಲ್ಲಿ ಅದ್ದಿದ. ಕೈ ಹಲಗೆಯವರೆಗೂ ಹೋಯಿತು. ಆಮೇಲೆ ಕುಂಚವನ್ನು ಡಬ್ಬಿಯ ಮೇಲೆ ಅಡ್ಡಲಾಗಿ ಇಟ್ಟು ಎದ್ದು ನಿಂತ.

"ಇದನ್ನ ನೀನೇ ಬರ್ಕೋ," ಎಂದ. ಅರ ಹಿಡಿಯಲು ಕಲಿಸುವಾಗ ಹೀಗೆ ಏಕವಚನದಲ್ಲಿ ಮಾತಾಡಿಸಿದ್ದ. ಅದಾದ ಮೇಲೆ ಇದೇ ಮೊದಲು. "ಅರಗಳು ನನ್ನವು. ತಗೊಂಡು ಹೋಗ್ತೀನಿ."

"ಅಣ್ಣಾ, ಒಂದು ನಾಯಿಗೋಸ್ಕರವಾ?"

ಅವನು ಅರಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಬಾಗಿಲಿಗೆ ಹೋಗುವಾಗ ಮೂಲೆಯ ಹೊಟ್ಟಿನ ರಾಶಿಯ ಪಕ್ಕ ಸ್ವಲ್ಪ ಹೊತ್ತು ನಿಂತ. ಅದು ಸುಮ್ಮನೆ ಬಿದ್ದಿತ್ತು.

ಅಪ್ಪ ಮಗಳು ಆ ತಿಂಗಳೇ ಸಾಮಿಲ್ಲಿನ ಮನೆ ಬಿಟ್ಟು ಆಸ್ಪತ್ರೆಯ ಹತ್ತಿರದ ಬೀದಿಗೆ ಬಂದರು. ಮಗಳು ಈಗಲೂ ಆ ಕಾನೂನು ಬೇಕು ಎನ್ನುತ್ತಾಳೆ, ಅವನು ಈಗಲೂ ಒಪ್ಪುವುದಿಲ್ಲ. ಊಟಕ್ಕೆ ಕೂತಾಗ ಜಗಳ ನಡೆದೇ ಇದೆ. ಮನೆಯ ಮೆಟ್ಟಿಲ ಕೆಳಗೆ ಒಂದು ಸಾಣೆಕಲ್ಲು ಹಾಕಿಕೊಂಡು ಅವನು ದರ್ಜಿಗಳ ಕತ್ತರಿಗೂ ಅಡುಗೆಮನೆಯ ಚಾಕುಗಳಿಗೂ ಸಾಣೆ ಹಿಡಿಯುತ್ತಾನೆ.