ಗಢಿಯ ಕಲ್ಲಿಗೊಂದು ದೀಪ

ಬೀದರದ ಚಿದ್ರಿಯ ನನ್ನ ಮನೆಯಲ್ಲಿ ಕುಸುಬೆ ಎಣ್ಣೆಯ ದೀಪ ಹಚ್ಚಿದರೆ ಸಾಕು, ಆ ಘಾಟಿನ ಜೊತೆಗೇ ಕುರಿಹಿಕ್ಕೆಯ ವಾಸನೆಯೂ ಮೂಗಿಗೆ ಬಂದಂತಾಗುತ್ತದೆ. ಔರಾದ ಕಡೆಯ ನಮ್ಮೂರಿನಲ್ಲಿ ಒಂದು ಗಢಿ ಇತ್ತು. ಸುಲ್ತಾನರ ಕಾಲದಲ್ಲಿ ಸರಹದ್ದು ಕಾಯಲೆಂದು ಕಟ್ಟಿದ ಸಣ್ಣ ಕೋಟೆ. ನಾನು ಹುಟ್ಟುವ ಹೊತ್ತಿಗೆ ಅದರಲ್ಲಿ ಉಳಿದಿದ್ದು ಒಂದೇ ಬುರುಜು. ಸಿಪಾಯಿಗಳು ಹತ್ತಿ ನಿಂತು ಶತ್ರುವಿನ ಕುದುರೆಗಳ ಧೂಳು ನೋಡುತ್ತಿದ್ದ ಆ ಬುರುಜಿನ ಮಗ್ಗುಲಲ್ಲಿ ನಮ್ಮ ಕುರಿಗಳು ಮಲಗುತ್ತಿದ್ದವು. ಅದಕ್ಕೇ ದೀಪಾವಳಿಯ ಸಂಜೆ ಅದರ ಮೇಲೆ ದೀಪ ಇಡುವುದು ನಮ್ಮ ಮನೆತನದ ಪಾಲಿಗೆ ಬಂದಿತ್ತು. ನನ್ನ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ಮನೆಯ ದೇವರಿಗಿಂತ ಮೊದಲು ಅಲ್ಲಿಗೆ ಹೋಗುತ್ತಿದ್ದಳು.

ಒಂದು ಮಳೆಗಾಲ ಬುರುಜು ಕುಸಿಯಿತು. ಊರು ಬಿಟ್ಟೀತೇ? ಹಬ್ಬದ ಹೊತ್ತಿಗೆ ಒಂದು ಕಲ್ಲೂ ಉಳಿಯದಂತೆ ಬಂಡಿಯಲ್ಲಿ ಹೇರಿಕೊಂಡು ಹೋದರು. ಗಢಿ ಕತ್ತಲಲ್ಲಿ ಇರಬಾರದು ಎಂಬುದೊಂದೇ ಆಯಿಯ ಚಿಂತೆ, ಊಟವೂ ಸೇರಲಿಲ್ಲ. ಹಬ್ಬದ ಸಂಜೆ ಬುಟ್ಟಿಯಲ್ಲಿ ಹಣತೆ ತುಂಬಿಕೊಂಡು, ನನ್ನ ಕೈಗೆ ಎಣ್ಣೆಯ ಗಿಂಡಿ ಕೊಟ್ಟು, ಮನೆಮನೆ ತಿರುಗಿದಳು. ಯಾರ ಹೊಸ್ತಿಲು, ಯಾರ ಒಗೆಯುವ ಕಲ್ಲು ಗಢಿಯದೆಂದು ಅಂಟಿಕೊಂಡಿದ್ದ ಹಳೇ ಗಚ್ಚಿನಿಂದಲೇ ಗುರುತು ಹಿಡಿದು, ಅದರ ಮೇಲೊಂದು ಹಣತೆ ಹಚ್ಚಿಟ್ಟಳು. ಪಕ್ಕದ ಮನೆಯ ಶರಣಪ್ಪ ಕಾಕಾ ಮಾತ್ರ, ಕಲ್ಲು ವಾಪಸು ಕೇಳಲು ಬಂದಳೆಂದುಕೊಂಡು, ಮೆಟ್ಟಿಲಗಲ್ಲಿನ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟ.

"ಏಳೋ ತಮ್ಮಾ, ಕಲ್ಲ ನೀನೇ ಇಟ್ಕೋ. ದೀಪಕ್ಕಷ್ಟ ಜಾಗಾ ಬಿಡು," ಎಂದಳು ಆಯಿ.

ಕಾಕಾ ನಾಚಿಕೊಂಡು ಎದ್ದ. ಕತ್ತಲಾದ ಮೇಲೆ ಗಢಿ ಇದ್ದ ಹಾಳು ದಿಬ್ಬದ ಮೇಲೆ ನಿಂತು ನೋಡಿದರೆ, ಓಣಿ ಓಣಿಯಲ್ಲಿ ನಮ್ಮ ಗಢಿ ಮಿಣುಕುತ್ತಿತ್ತು. ಬೀದರದ ದೊಡ್ಡ ಕೋಟೆಯನ್ನು ಈಗ ದಿನಾ ನೋಡುತ್ತೇನೆ, ಆದರೂ ನನಗೆ ಕೋಟೆಯೆಂದರೆ ಅದೇ.

ಆಯಿ ಹೋದಳು, ಕುರಿಗಳನ್ನು ಮಾರಿದೆವು, ನಮ್ಮ ಮನೆಯೂ ಬಿತ್ತು. ಕಳೆದ ದೀಪಾವಳಿಗೆ ಯಾಕೋ ತಡೆಯಲಾಗದೆ ಹಣತೆ ಹಿಡಿದು ಊರಿಗೆ ಹೋದೆ. ಎಲ್ಲೆಲ್ಲೂ ಟೈಲ್ಸು, ಸಿಮೆಂಟು. ದೀಪ ಎಲ್ಲಿಡಲಿ? ಅಳು ಬಂತು. ಕೊನೆಗೆ ಶರಣಪ್ಪ ಕಾಕಾನ ಮನೆಯ ಮುಂದೆ ನಿಂತೆ. ಕಾಕಾ ತೀರಿಕೊಂಡು ವರ್ಷಗಳಾಗಿವೆ. ಅವನ ಸೊಸೆ ಹೊರಗೆ ಬಂದಳು. ಹಳೇ ಮೆಟ್ಟಿಲಗಲ್ಲು ಏನಾಯಿತೆಂದು ಕೇಳಿದೆ.

"ಹಿತ್ತಲದಾಗ ಅದ, ಬರ್ರಿ ಅಕ್ಕಾ. ಹೊಸಾ ಮನಿ ಕಟ್ಟುವಾಗ ಮಾವನೋರು ಅದಕ್ಕ ಒಡಿಲಾಕ ಬಿಡಲಿಲ್ರಿ."

ನಲ್ಲಿಯ ಪಕ್ಕದಲ್ಲಿ ಆ ಕಲ್ಲಿತ್ತು. ಮೇಲೆ ಎಣ್ಣೆ ಹೀರಿದ ಕಪ್ಪು ಕಲೆ, ಕಲೆಯ ನಡುವೆ ಆಗಲೇ ಹಚ್ಚಿಟ್ಟ ಒಂದು ದೀಪ.

"ಪ್ರತಿ ವರ್ಷಾ ಇಡ್ತೇವ್ರಿ. ಯಾಕ ಅಂತ ಮಾತ್ರ ಗೊತ್ತಿಲ್ರಿ," ಎಂದಳು.

ನನ್ನ ಹಣತೆಯನ್ನು ಅದರ ಮಗ್ಗುಲಲ್ಲಿಟ್ಟು ಹಚ್ಚಿದೆ. ಆಮೇಲೆ ಅವಳ ಜೊತೆ ಅಲ್ಲೇ ಕುಳಿತು ಹೇಳತೊಡಗಿದೆ, ಇಲ್ಲೊಂದು ಗಢಿ ಇತ್ತು ಎಂದು.